ಗಾಳಿ ಕೊಟ್ಟ ಹಿಡಿತ

ನಮ್ಮ ಬೀದಿಯ ಕೊನೇ ಮನೆ ಹುಡುಗ ತನ್ನ ಹಳೇ ಹ್ಯಾಚ್‌ಬ್ಯಾಕ್ ಕಾರಿನ ಹಿಂದೆ ಒಂದು ರೆಕ್ಕೆ ಕೂರಿಸಿದ್ದಾನೆ. ಸಣ್ಣದೇನಲ್ಲ, ಮೇಲೆ ನಾಲ್ಕು ಟವೆಲ್ ಒಣಗಿ ಹಾಕಬಹುದು. ಹಿಂದಿನ ಗಾಜಿಗೆ ಹಳದಿ ಹೆಲ್ಮೆಟ್ಟಿನ ಸ್ಟಿಕ್ಕರ್. ಐರ್ಟನ್ ಸೆನ್ನಾ ಅವರದ್ದು. ಸೆನ್ನಾ ತೀರಿಕೊಂಡಾಗ ಈ ಹುಡುಗನ ಅಪ್ಪ ಅಮ್ಮನಿಗೆ ಮದುವೆಯೇ ಆಗಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕಾರು ತೊಳೀತಾ ನಿಂತಿದ್ದ. "ಇದು ಯಾತಕ್ಕಪ್ಪಾ?" ಅಂತ ರೆಕ್ಕೆ ತೋರಿಸಿ ಕೇಳಿದೆ. "ಗ್ರಿಪ್ ಅಂಕಲ್, ರೋಡ್ ಗ್ರಿಪ್" ಅಂದ. ಆಮೇಲೆ ಅವನೇ, "ಸೆನ್ನಾ ಡಾಕ್ಯುಮೆಂಟರಿ ನೋಡಿದ್ದೀರಾ? ನಾನು ನಾಲ್ಕು ಸಲ ನೋಡಿದ್ದೀನಿ. ನಾಲ್ಕು ಸಲಾನೂ ಅತ್ತಿದ್ದೀನಿ" ಅಂದ.

ನಾನೂ ನೋಡಿದ್ದೆ, ನನಗೂ ಗಂಟಲು ಕಟ್ಟಿತ್ತು. ಆದರೆ ಅವತ್ತು ಅವನ ಆ ಎರಡು ಮಾತು ತಲೆಯಲ್ಲಿ ಒಟ್ಟೊಟ್ಟಿಗೆ ಕೂತುಬಿಟ್ಟವು. ಅವನು ತನ್ನ ಕಾರಿಗೆ ಯಾವುದು ಬೇಕು ಅಂತ ದುಡ್ಡು ಸುರಿದು ರೆಕ್ಕೆ ಹಾಕಿಸಿದ್ದಾನೋ, ಅದರ ವಿಷಯವೇ ಅವನು ನಾಲ್ಕು ಸಲ ನೋಡಿ ಅತ್ತ ಸಿನಿಮಾದಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಗಾಳಿಯ ವಿಷಯ. ರೇಸ್ ಕಾರನ್ನ ರಸ್ತೆಗೆ ಒತ್ತಿ ಹಿಡಿಯುವ ಗಾಳಿ. ಅದು ಸಿಕ್ಕಿದ್ದು ಬೇರೆ ಕಡೆ, ಆ ದಿನ ಸೆನ್ನಾ ಓಡಿಸುತ್ತಿದ್ದ ಕಾರನ್ನ ವಿನ್ಯಾಸ ಮಾಡಿದ ಏಡ್ರಿಯನ್ ನ್ಯೂಯಿ ಬರೆದ ಪುಸ್ತಕದಲ್ಲಿ. 2017ರಲ್ಲಿ ಬಂದ 'ಹೌ ಟು ಬಿಲ್ಡ್ ಎ ಕಾರ್' ಎಂಬ ಆತ್ಮಕಥೆ ಅದು. ಸಿನಿಮಾ ಮತ್ತು ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದೆರಡು ಮಾತು ಹೇಳಬೇಕು ಅನ್ನಿಸಿತು. ಅದಕ್ಕೇ ಈ ಬರಹ.

ಮೊದಲು ಸಿನಿಮಾ. ಆಸಿಫ್ ಕಪಾಡಿಯಾ ನಿರ್ದೇಶನದ 'ಸೆನ್ನಾ' 2010ರದು. ಬೇರೆ ಸಾಕ್ಷ್ಯಚಿತ್ರಗಳಲ್ಲಿ ಸೋಫಾ ಮೇಲೆ ಕೂತು ನೆನಪು ಹೇಳುವ ಮುಖಗಳಿರುತ್ತವಲ್ಲ, ಅವು ಇದರಲ್ಲಿಲ್ಲ. ಕಣ್ಣಿಗೆ ಕಾಣೋದೆಲ್ಲ ಆ ಕಾಲದ ಚಿತ್ರಗಳೇ, ಮಾತು ಮಾತ್ರ ಹಿಂದಿನಿಂದ ಬರುತ್ತೆ. ಅಲೆನ್ ಪ್ರಾಸ್ಟ್ ಜೊತೆಗಿನ ಹಗೆ, ಕ್ರೀಡೆ ನಡೆಸುವವರ ರಾಜಕೀಯ, ಬ್ರೆಜಿಲ್ ಜನರ ಹುಚ್ಚು ಪ್ರೀತಿ, ಸೆನ್ನಾ ಅವರ ದೈವಭಕ್ತಿ, ಇವನ್ನೆಲ್ಲ ಎಳೆಎಳೆಯಾಗಿ ಕಟ್ಟುತ್ತಾ 1994ರ ಮೇ 1ರ ಇಮೋಲಾಕ್ಕೆ ತಂದು ನಿಲ್ಲಿಸುತ್ತೆ. ಕೊನೆಯ ಸುತ್ತು ಕಾರಿನೊಳಗಿನ ಕ್ಯಾಮೆರಾದಿಂದ ಕಾಣಿಸುತ್ತದೆ. ಮುಗಿಯೋದು ಹೇಗೆ ಅಂತ ಗೊತ್ತಿದ್ದರೂ ಉಸಿರು ಹಿಡಿದು ನೋಡುತ್ತೀವಿ. ಇದು ದೊಡ್ಡ ಸಿನಿಮಾ, ಅದರಲ್ಲಿ ನನಗೆ ತಕರಾರಿಲ್ಲ.

ತಕರಾರಿರೋದು ಎಲ್ಲಿ ಅಂದ್ರೆ, ಅದು ಸಾವನ್ನ ವಿಧಿಯ ಹಾಗೆ ತೋರಿಸುತ್ತೆ. ಎಲ್ಲ ದಾರಿಗಳೂ ಆ ತಿರುವಿಗೇ ಬಂದು ಸೇರಬೇಕಿತ್ತು ಅನ್ನೋ ಭಾವ ಬರುತ್ತೆ. ಕಾರು ಸರಿಯಿಲ್ಲ, ಹಿಡಿತಕ್ಕೆ ಸಿಗ್ತಿಲ್ಲ ಅಂತ ಸೆನ್ನಾ ಆ ವರ್ಷದ ಶುರುವಿನಿಂದಲೂ ಹೇಳುತ್ತಾ ಬಂದಿದ್ದರು. ಅದು ಸಿನಿಮಾದಲ್ಲಿ ಅವರ ಮುಖದ ಚಿಂತೆಯಾಗಿ ಕಾಣಿಸುತ್ತೆ. ಯಾಕೆ ಸರಿಯಿರಲಿಲ್ಲ ಅನ್ನುವ ಪ್ರಶ್ನೆಗೆ ಹೋಗಲ್ಲ. ಹೋಗೋದು ಕಷ್ಟವೇ ಬಿಡಿ. ಕ್ಯಾಮೆರಾಕ್ಕೆ ಮುಖ ಸಿಗುತ್ತೆ, ಚಕ್ರ ಸಿಗುತ್ತೆ, ಬೆಂಕಿ ಸಿಗುತ್ತೆ. ಗಾಳಿ ಸಿಗಲ್ಲ. ರೇಸಿನ ಕಥಾಚಿತ್ರಗಳದ್ದೂ ಇದೇ ಪಾಡು. ಹೀರೋ ಇನ್ನೊಂದು ಸಲ ಗೇರು ಬದಲಿಸಿ ಆಕ್ಸಿಲರೇಟರ್ ಒತ್ತಿದರೆ ಗೆದ್ದ ಹಾಗೆ. ನನಗೆ ನೆನಪಿರೋ ಒಂದೇ ಒಂದು ಅಪವಾದ 2019ರ 'ಫೋರ್ಡ್ ವರ್ಸಸ್ ಫೆರಾರಿ'. ಅದರಲ್ಲಿ ಕಾರಿನ ಮೈತುಂಬಾ ಉಣ್ಣೆಯ ಎಳೆಗಳನ್ನ ಟೇಪಿನಿಂದ ಅಂಟಿಸಿ ಓಡಿಸಿ ನೋಡುತ್ತಾರೆ. ಎಳೆ ಹೇಗೆ ಹಾರಾಡುತ್ತೆ ನೋಡಿದರೆ ಗಾಳಿ ಎಲ್ಲಿ ನೇರವಾಗಿ ಹೋಗ್ತಿದೆ, ಎಲ್ಲಿ ಗೋಜಲಾಗ್ತಿದೆ ಅಂತ ಗೊತ್ತಾಗುತ್ತೆ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಒಂದೆರಡು ನಿಮಿಷ ಗಾಳಿ ಪಾತ್ರಧಾರಿಯಾಗುತ್ತೆ. ಅಷ್ಟೇ.

ಹಾಗಾದರೆ ಈ ಗಾಳಿ ಮಾಡೋ ಕೆಲಸವಾದರೂ ಏನು?

ಹೊಲದಲ್ಲಿ ಕುಂಟೆ ಹೊಡೆಯೋದನ್ನ ನೋಡಿದವರಿಗೆ ಇದು ಸುಲಭ. ಕುಂಟೆ ಮಣ್ಣಿಗೆ ಸರಿಯಾಗಿ ಇಳಿಯದಿದ್ದರೆ ಅದರ ಮೇಲೆ ಒಂದು ಕಲ್ಲು ಹೇರುತ್ತಾರೆ. ನಮ್ಮೂರಲ್ಲಿ ಕಲ್ಲಿನ ಬದಲು ನನ್ನನ್ನೇ ಕೂರಿಸಿದ್ದೂ ಉಂಟು. ಮೇಲಿನಿಂದ ಒತ್ತಿದಷ್ಟೂ ಹಿಡಿತ. ಟೈರಿನದ್ದೂ ಅದೇ ಗುಣ. ರಸ್ತೆಗೆ ಎಷ್ಟು ಒತ್ತಿದೆಯೋ ಅದಕ್ಕೆ ತಕ್ಕಂತೆ ಅಡ್ಡಕ್ಕೆ ಜಾರದ ಶಕ್ತಿ ಬರುತ್ತೆ. ಹಾಗಂತ ಕಾರಿಗೆ ಕಲ್ಲು ಹೇರಿದರೆ ತಿರುವಿನಲ್ಲಿ ಆ ಕಲ್ಲನ್ನೂ ತಿರುಗಿಸಬೇಕಲ್ಲ? ಸಿಕ್ಕ ಹಿಡಿತವನ್ನ ಕಲ್ಲೇ ತಿಂದುಹಾಕುತ್ತೆ. ಬೇಕಾಗಿರೋದು ಒತ್ತುವ, ಆದರೆ ತೂಕವಿಲ್ಲದ ಕಲ್ಲು. ಗಾಳಿ ಅಂಥ ಕಲ್ಲು. ಇಂಗ್ಲಿಷಿನವರು ಡೌನ್‌ಫೋರ್ಸ್ ಅನ್ನೋದು ಇದಕ್ಕೇ.

ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಕಂಡಕ್ಟರ್ ಹತ್ತಿರ ಬೈಸಿಕೊಂಡವರಿಗೆ ಇನ್ನರ್ಧ ಗೊತ್ತಿರುತ್ತೆ. ಅಂಗೈಯ ಮುಂಭಾಗ ಸ್ವಲ್ಪ ಮೇಲೆತ್ತಿದರೆ ಕೈ ಮೇಲಕ್ಕೆ ಹಾರುತ್ತೆ, ತಗ್ಗಿಸಿದರೆ ಕೆಳಗೆ ಒತ್ತುತ್ತೆ. ವಿಮಾನದ ರೆಕ್ಕೆ ಮೊದಲನೆಯದು, ರೇಸ್ ಕಾರಿನ ರೆಕ್ಕೆ ಎರಡನೆಯದು. ಬಸ್ಸು ಊರೊಳಗೆ ನಿಧಾನ ಹೋಗುವಾಗ ಇದು ಗೊತ್ತೇ ಆಗಲ್ಲ, ಹೆದ್ದಾರಿಗೆ ಬಿದ್ದಾಗ ಕೈ ಹಿಡಿಯೋದು ಕಷ್ಟ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತು ನಾಲ್ಕು ಪಟ್ಟಾಗುತ್ತೆ. ತಿರುಗಿಸಿ ಹೇಳಬೇಕಂದ್ರೆ, 200 ಕಿಲೋಮೀಟರ್ ವೇಗದಲ್ಲಿ ಸಿಗುವ ಒತ್ತಿನ ಕಾಲು ಭಾಗ ಮಾತ್ರ 100ರಲ್ಲಿ ಸಿಗುತ್ತೆ, 50ರಲ್ಲಿ ಹದಿನಾರನೇ ಒಂದು ಭಾಗ. ನಮ್ಮ ಬೀದಿಯ ಹುಡುಗನ ಕಾರು ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳೋದು ಇನ್ನೂ ಕಮ್ಮಿ ವೇಗದಲ್ಲಿ. ಸಾಲದ್ದಕ್ಕೆ ಅದು ಮುಂದಿನ ಚಕ್ರಗಳು ಎಳೆಯೋ ಗಾಡಿ. ರೆಕ್ಕೆ ಒತ್ತಿದರೂ ಒತ್ತೋದು ಹಿಂದಿನ ಚಕ್ರಗಳನ್ನ! ಇರ್ಲಿ, ಚೆಂದಕ್ಕೆ ಹಾಕಿಸಿದ್ದಾನೆ.

ರೆಕ್ಕೆಗಿಂತ ದೊಡ್ಡ ಆಟ ಇರೋದು ಕಾರಿನ ಹೊಟ್ಟೆಯ ಕೆಳಗೆ. ಕಾರಿನ ತಳಕ್ಕೂ ರಸ್ತೆಗೂ ನಡುವೆ ಕಿರಿದಾದ ಸಂದಿ ಮಾಡಿ, ಹಿಂದಕ್ಕೆ ಹೋಗ್ತಾ ಅದನ್ನ ಅಗಲ ಮಾಡಿದರೆ, ಸಂದಿಯಲ್ಲಿ ಗಾಳಿ ರಭಸವಾಗಿ ಓಡುತ್ತೆ. ಓಡುವ ಗಾಳಿಯ ಒತ್ತಡ ಇಳಿಯುತ್ತೆ. ಕೆಳಗಡೆ ಒತ್ತಡ ಕಡಿಮೆ, ಮೇಲ್ಗಡೆ ಹೆಚ್ಚು, ಹಾಗಾಗಿ ಕಾರು ನೆಲಕ್ಕೆ ಅಮರಿಕೊಳ್ಳುತ್ತೆ. ಕಾಲಿನ್ ಚಾಪ್‌ಮನ್ ಅವರ ಲೋಟಸ್ ತಂಡ 1977 ಮತ್ತು 78ರಲ್ಲಿ ಇದನ್ನ ಮಾಡಿ ತೋರಿಸಿತು. ಕಾರಿನ ಎರಡೂ ಪಕ್ಕಕ್ಕೆ ನೆಲಕ್ಕೆ ತಾಗುವಂತೆ ಪಟ್ಟಿ ಇಳಿಬಿಟ್ಟು, ಹೊರಗಿನ ಗಾಳಿ ಒಳನುಗ್ಗದ ಹಾಗೆ ಮುಚ್ಚಿದರು. 1978ರಲ್ಲಿ ಮಾರಿಯೋ ಆಂಡ್ರೆಟ್ಟಿ ಅದೇ ಕಾರಿನಲ್ಲಿ ಚಾಂಪಿಯನ್ ಆದರು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬಿಡಿಸಬೇಕು. ರೇಸ್ ಕಾರನ್ನ ನಿಧಾನ ಓಡಿಸಿದರೆ ಗಾಳಿಯ ಒತ್ತು ಸಿಗದೆ ತಿರುವಿನಲ್ಲಿ ಜಾರುತ್ತೆ, ಜೋರಾಗಿ ಹೋದರೇನೇ ಕ್ಷೇಮ ಅಂತ ಟೀವಿಯವರು ಬಾಯಿ ಚಪ್ಪರಿಸಿ ಹೇಳುತ್ತಾರೆ. ಲೆಕ್ಕ ಹಾಕಿದರೆ ಇದು ನಿಲ್ಲಲ್ಲ. ನಿಧಾನ ಹೋದಾಗ ಹಿಡಿತ ಕಮ್ಮಿಯಾಗುತ್ತೆ ನಿಜ, ಆದರೆ ತಿರುವಿಗೆ ಬೇಕಾದ ಹಿಡಿತವೂ ಅದೇ ಪ್ರಮಾಣದಲ್ಲಿ ಕಮ್ಮಿಯಾಗುತ್ತೆ. ಟೈರು ಬಿಸಿಯಾಗದೆ ಅಂಟು ಕಳೆದುಕೊಳ್ಳೋದು ಬೇರೆ ಮಾತು. ನಿಜವಾದ ಅಪಾಯ ಇನ್ನೊಂದು. ವೇಗ ಹಾಗೇ ಇದ್ದು, ಗಾಳಿಯ ಒತ್ತು ಮಾತ್ರ ಥಟ್ಟನೆ ಹೊರಟುಹೋಗೋದು. ಬೇಕಾದ ಹಿಡಿತ ಅಷ್ಟೇ ಇದೆ, ಇರುವ ಹಿಡಿತ ಒಂದು ಕ್ಷಣದಲ್ಲಿ ಅರ್ಧ. ಗಾಳಿ ಕೊಟ್ಟ ಹಿಡಿತ ಗಟ್ಟಿ ಹಿಡಿತವೇ. ಆದರೆ ಅದು ನಮ್ಮದಲ್ಲ, ಕೈಗಡ ತಂದದ್ದು. ಕೊಟ್ಟವನು ಮುನ್ಸೂಚನೆ ಕೊಡದೆ ವಾಪಸ್ ಕೇಳುತ್ತಾನೆ.

ಈ ಕ್ರೀಡೆಯ ಚರಿತ್ರೆಯಲ್ಲಿ ಹೀಗೆ ವಾಪಸ್ ಕೇಳಿದ ಉದಾಹರಣೆಗಳು ಬೇಕಾದಷ್ಟಿವೆ. 1968ರಲ್ಲಿ ಫಾರ್ಮುಲಾ ಒನ್ ಕಾರುಗಳಿಗೆ ರೆಕ್ಕೆ ಬಂತು. ವರ್ಷ ತುಂಬುವ ಹೊತ್ತಿಗೆ, 1969ರ ಬಾರ್ಸಿಲೋನಾದ ಮೊಂಜುಯಿಕ್ ರೇಸಿನಲ್ಲಿ, ಎರಡು ಲೋಟಸ್ ಕಾರುಗಳ ಎತ್ತರದ ರೆಕ್ಕೆಗಳು ಒಂದೇ ಜಾಗದಲ್ಲಿ ಮುರಿದುಬಿದ್ದವು. ಮೊದಲು ಗ್ರಹಾಂ ಹಿಲ್, ಆಮೇಲೆ ಯೋಕೆನ್ ರಿಂಟ್. ರಿಂಟ್ ಅವರ ಕಾರು ಹೋಗಿ ಹಿಲ್ ಅವರ ಜಖಂ ಆದ ಕಾರಿಗೇ ಬಡಿಯಿತು. ಗಾಯಗೊಂಡ ರಿಂಟ್ ರೆಕ್ಕೆಗಳನ್ನೇ ನಿಷೇಧಿಸಿ ಅಂತ ಬಹಿರಂಗ ಪತ್ರ ಬರೆದರು. ಮುಂದಿನ ಮೊನಾಕೋ ರೇಸಿನ ಹೊತ್ತಿಗೆ ಎತ್ತರದ ರೆಕ್ಕೆಗಳು ಹೋದವು. ಪಕ್ಕದ ಪಟ್ಟಿಗಳ ಕಾಲದಲ್ಲೂ ಅದೇ ಕಥೆ. ಪಟ್ಟಿ ಎಲ್ಲೋ ಸಿಕ್ಕಿಕೊಂಡು ಮೇಲೆದ್ದರೆ ಗಾಳಿ ನುಗ್ಗಿ ಹಿಡಿತ ಮಾಯ. 1983ರಿಂದ ಕಾರಿನ ತಳ ಚಪ್ಪಟೆಯಾಗಿರಬೇಕು ಅಂತ ನಿಯಮ ಬಂತು.

ಈಗ ಪುಸ್ತಕಕ್ಕೆ ಬರೋಣ. ನ್ಯೂಯಿ ಓದಿದ್ದು ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ, ವಿಮಾನಶಾಸ್ತ್ರ. ಎಲ್ಲರೂ ಲೋಟಸ್ ಕಾರಿನ ಹೊಟ್ಟೆಯ ಬಗ್ಗೆ ಮಾತಾಡುತ್ತಿದ್ದ ಕಾಲ ಅದು. ಅವರ ಕೊನೆಯ ವರ್ಷದ ಪ್ರಾಜೆಕ್ಟು ಕೂಡ ಅದೇ ವಿಷಯದ್ದು. 1980ರಲ್ಲಿ ರೇಸಿಂಗಿಗೆ ಬಂದವರು ಇಂದಿಗೂ ಕಂಪ್ಯೂಟರ್ ಬದಿಗಿಟ್ಟು ಡ್ರಾಯಿಂಗ್ ಬೋರ್ಡಿನ ಮೇಲೆ ಪೆನ್ಸಿಲಿನಲ್ಲೇ ಕಾರು ಬರೆಯುತ್ತಾರೆ ಅನ್ನೋದು ಪ್ರಸಿದ್ಧ. ಪುಸ್ತಕದ ರಚನೆಯೂ ಹಾಗೇ ಇದೆ. ವರ್ಷಗಳ ಲೆಕ್ಕದಲ್ಲಿ ಭಾಗ ಮಾಡದೆ ಕಾರುಗಳ ಲೆಕ್ಕದಲ್ಲಿ ಭಾಗ ಮಾಡಿದ್ದಾರೆ. ನಡುನಡುವೆ ಅವರ ಕೈಯ ರೇಖಾಚಿತ್ರಗಳು. ಎಂಜಿನಿಯರ್ ಅಲ್ಲದವನಿಗೂ ಅರ್ಥವಾಗುವ ಹಾಗೆ, ಪಾಠ ಮಾಡುವ ಧಾಟಿ ಇಲ್ಲದೆ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ಹೇಳುತ್ತಾ ಹೋಗುತ್ತಾರೆ. ಸಿನಿಮಾಗಳಿಗೆ ಸಿಗದ ಪಾತ್ರಧಾರಿ ಇಲ್ಲಿ ಪುಟಪುಟದಲ್ಲೂ ಇದ್ದಾನೆ. ನನಗೆ ಗೊತ್ತಿರುವ ರೇಸಿಂಗ್ ಪುಸ್ತಕಗಳಲ್ಲಿ ಈ ಒಂದು ಕೆಲಸಕ್ಕೆ ಇದಕ್ಕೆ ಸಾಟಿ ಇಲ್ಲ.

ಅದರಲ್ಲಿ ಬರುವ ಒಂದು ಪ್ರಸಂಗ ಹೇಳ್ತೀನಿ, ಮುಂದಿನ ಮಾತಿಗೆ ಬೇಕಾಗುತ್ತೆ. 1990ರಲ್ಲಿ ನ್ಯೂಯಿ ಲೇಟನ್ ಹೌಸ್ ಎಂಬ ಸಣ್ಣ ತಂಡದಲ್ಲಿದ್ದರು. ಆ ವರ್ಷದ ಕಾರು ವಿಂಡ್ ಟನಲಿನಲ್ಲಿ ಭರ್ಜರಿ ಅಂಕಿಗಳನ್ನ ಕೊಟ್ಟಿತ್ತು, ಟ್ರ್ಯಾಕಿನಲ್ಲಿ ಮಾತ್ರ ಓಡಲೊಲ್ಲದು. ಕೊನೆಗೆ ಗೊತ್ತಾಗಿದ್ದೇನು? ಅವರು ಬಳಸುತ್ತಿದ್ದ ಟನಲಿನ ನೆಲವೇ ಬಾಗಿಹೋಗಿತ್ತು. ನೆಲ ಸುಳ್ಳಾದ ಮೇಲೆ ಅಳತೆಯೂ ಸುಳ್ಳು. ಆ ಸುಳ್ಳು ಅಳತೆ ನಂಬಿ ಮಾಡಿದ ಕಾರಿನ ತಳ, ನೆಲದಿಂದ ಒಂದು ನಿರ್ದಿಷ್ಟ ಎತ್ತರದಲ್ಲಿದ್ದಾಗ ಮಾತ್ರ ಕೆಲಸ ಮಾಡುತ್ತಿತ್ತು. ಉಬ್ಬು ತಗ್ಗು ಬಂದರೆ ಗಾಳಿ ಕೈಕೊಡುತ್ತಿತ್ತು. ಮೆಕ್ಸಿಕೋದ ಟ್ರ್ಯಾಕ್ ಉಬ್ಬು ತಗ್ಗಿನದ್ದು. ಅಲ್ಲಿ ತಂಡದ ಎರಡೂ ಕಾರುಗಳು ರೇಸಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಅದರ ಮುಂದಿನ ರೇಸು ಫ್ರಾನ್ಸಿನ ನುಣುಪಾದ ಪಾಲ್ ರಿಕಾರ್ಡಿನಲ್ಲಿ. ಅಷ್ಟರಲ್ಲಿ ತಳವನ್ನೂ ತಿದ್ದಿದ್ದರು. ಅದೇ ತಂಡದ ಇವಾನ್ ಕಪೆಲ್ಲಿ ಬಹುಪಾಲು ರೇಸನ್ನ ಮುಂದಿದ್ದು ನಡೆಸಿ ಎರಡನೆಯವರಾಗಿ ಮುಗಿಸಿದರು. ತಿದ್ದಿದ ನ್ಯೂಯಿ ಅಷ್ಟರಲ್ಲಿ ಕೆಲಸ ಕಳೆದುಕೊಂಡು ಹೊರಗಾಗಿದ್ದರು. ಓದುವಾಗ ನಗು ಬರುತ್ತೆ, ಅವರೂ ನಗುತ್ತಲೇ ಬರೆದಿದ್ದಾರೆ. ಯಾರಿಗೂ ಏನೂ ಆಗಲಿಲ್ಲವಲ್ಲ.

ಆಮೇಲೆ ಅವರು ವಿಲಿಯಮ್ಸ್ ಸೇರಿದರು. ಅಲ್ಲಿನ ಎಫ್‌ಡಬ್ಲ್ಯೂ14ಬಿ ಕಾರಿನಲ್ಲಿ 1992ರಲ್ಲಿ ನೈಜೆಲ್ ಮ್ಯಾನ್ಸೆಲ್ ಒಂಬತ್ತು ರೇಸ್ ಗೆದ್ದು ಚಾಂಪಿಯನ್ ಆದರು. ಆ ಕಾರಿನ ಗುಟ್ಟು ಆಕ್ಟಿವ್ ಸಸ್ಪೆನ್ಷನ್. ಸ್ಪ್ರಿಂಗುಗಳನ್ನ ನಂಬದೆ, ಕಂಪ್ಯೂಟರು ಮತ್ತು ಹೈಡ್ರಾಲಿಕ್ಸಿನಿಂದ ಕಾರಿನ ತಳವನ್ನ ರಸ್ತೆಯಿಂದ ಬೇಕಾದ ಎತ್ತರದಲ್ಲೇ ಹಿಡಿದಿಡುವ ಏರ್ಪಾಡು. ಲೇಟನ್ ಹೌಸಿನಲ್ಲಿ ಕಾಡಿದ ಸಮಸ್ಯೆಗೆ ಇದೇ ಮದ್ದು. ತಳ ಅಲ್ಲಾಡದಿದ್ದರೆ ಗಾಳಿಯೂ ಕೈಕೊಡಲ್ಲ. ಎರಡು ವರ್ಷ ಎದುರಾಳಿಗಳೇ ಇಲ್ಲದ ಹಾಗೆ ಗೆದ್ದರು. 1994ಕ್ಕೆ ಈ ಏರ್ಪಾಡನ್ನ ನಿಯಮವೇ ನಿಷೇಧಿಸಿತು. ಹೊಸ ಕಾರು ಎಫ್‌ಡಬ್ಲ್ಯೂ16 ಮತ್ತೆ ಮಾಮೂಲು ಸ್ಪ್ರಿಂಗುಗಳ ಮೇಲೆ ನಿಂತಿತು, ಬ್ರೇಕಿಗೆ ಮುಗ್ಗರಿಸುತ್ತಾ ಉಬ್ಬಿಗೆ ಜಿಗಿಯುತ್ತಾ. ಆದರೆ ಅದರ ಗಾಳಿಯ ವಿನ್ಯಾಸ ಅಲ್ಲಾಡದ ಕಾರಿಗೆ ಒಗ್ಗಿದ ಕೈಯಿಂದ ಬಂದದ್ದು. ಆ ಕಾರಿಗೆ ಬಂದು ಕೂತವರು ಸೆನ್ನಾ.

ಮೂರು ರೇಸಿನಲ್ಲೂ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟರು, ಮೂರರಲ್ಲಿ ಒಂದನ್ನೂ ಮುಗಿಸಲಿಲ್ಲ. ಕಾರಿನ ಪಕ್ಕದ ಭಾಗಗಳು ಮುಂದಕ್ಕೆ ತೀರಾ ಉದ್ದವಾಗಿದ್ದವು, ಮೂತಿ ತಗ್ಗಿದಾಗ ಅವುಗಳ ಮುಂಚಿನ ಅಂಚಿನ ಕೆಳಗೆ ಗಾಳಿ ಕಟ್ಟಿಕೊಳ್ಳುತ್ತಿತ್ತು ಅನ್ನೋದು ನ್ಯೂಯಿಗೆ ಹೊಳೆದದ್ದು ಇಮೋಲಾಕ್ಕೆ ಸ್ವಲ್ಪ ಮುಂಚೆ, ಫ್ರಾನ್ಸಿನ ನೊಗಾರೋದಲ್ಲಿ ಡೇಮನ್ ಹಿಲ್ ಕಾರು ಪರೀಕ್ಷಿಸುವಾಗ. ಹೊಳೆಯಿತು, ಆದರೆ ತಿದ್ದಿದ ಭಾಗ ಮಾಡಿ ಕಾರಿಗೆ ಹಾಕೋದಕ್ಕೆ ಹೊತ್ತಿರಲಿಲ್ಲ.

ಇಮೋಲಾದ ಮೊದಲ ಸಾವು ಸೆನ್ನಾ ಅವರದ್ದಲ್ಲ. ಹಿಂದಿನ ದಿನ, ಏಪ್ರಿಲ್ 30ರಂದು, ಸಿಮ್‌ಟೆಕ್ ಎಂಬ ಪುಟ್ಟ ತಂಡದ ಆಸ್ಟ್ರಿಯಾದ ಚಾಲಕ ರೋಲಾಂಡ್ ರಾಟ್ಸೆನ್‌ಬರ್ಗರ್ ಅರ್ಹತಾ ಸುತ್ತಿನಲ್ಲಿ ತೀರಿಕೊಂಡರು. ಅದಕ್ಕೂ ಹಿಂದಿನ ಸುತ್ತಿನಲ್ಲಿ ಟ್ರ್ಯಾಕ್ ಬಿಟ್ಟು ಹೊರಗೆ ಹೋಗಿ ಮುಂದಿನ ರೆಕ್ಕೆಗೆ ಪೆಟ್ಟಾಗಿತ್ತು. ನಿಲ್ಲಿಸದೆ ಇನ್ನೊಂದು ಸುತ್ತು ಹೊರಟರು. ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ರೆಕ್ಕೆ ಕಳಚಿತು. ಮುಂದಿನ ಚಕ್ರಗಳನ್ನ ಒತ್ತಿ ಹಿಡಿದಿದ್ದ ಗಾಳಿ ಇಲ್ಲವಾದ ಮೇಲೆ ಸ್ಟೀರಿಂಗ್ ತಿರುಗಿಸಿದರೆ ಕಾರು ತಿರುಗಬೇಕಲ್ಲ? ಕಾರು ನೇರ ಗೋಡೆಗೆ ಹೋಯಿತು. ಮೊದಲ ವರ್ಷ ಫಾರ್ಮುಲಾ ಒನ್‌ಗೆ ಬಂದಿದ್ದ ಮನುಷ್ಯ, ಅಲ್ಲಿಯವರೆಗೆ ಓಡಿದ್ದು ಒಂದೇ ಒಂದು ರೇಸು. ಸಿನಿಮಾ ಈ ಅಪಘಾತವನ್ನ ತೋರಿಸುತ್ತೆ, ಆದರೆ ಕೊನೆಗೆ ನಿಲ್ಲೋದು ಅದನ್ನ ಪರದೆಯಲ್ಲಿ ನೋಡುತ್ತಿರುವ ಸೆನ್ನಾ ಅವರ ಮುಖದ ಮೇಲೆ. ಗಾಳಿ ಹೊರಟುಹೋದರೆ ಏನಾಗುತ್ತೆ ಅಂತ ಇಷ್ಟು ನಿಚ್ಚಳವಾಗಿ ಹೇಳುವ ಘಟನೆ ಇನ್ನೊಂದಿಲ್ಲ. ಅದು ನಾಯಕನ ದುಃಖಕ್ಕೆ ಪೀಠಿಕೆಯಾಗಿ ಮುಗಿದುಹೋಗುತ್ತೆ.

ಮಾರನೇ ದಿನ ರೇಸಿನ ಶುರುವಿನಲ್ಲೇ ಡಿಕ್ಕಿಯಾಗಿ ಸೇಫ್ಟಿ ಕಾರು ಬಂತು. ಅದರ ಹಿಂದೆ ನಿಧಾನಕ್ಕೆ ಸಾಗುವಾಗ ಟೈರುಗಳು ತಣ್ಣಗಾಗಿ ಒಳಗಿನ ಒತ್ತಡ ಇಳಿಯುತ್ತೆ, ಕಾರು ಇನ್ನಷ್ಟು ನೆಲಕ್ಕೆ ಕುಸಿಯುತ್ತೆ. ರೇಸು ಮತ್ತೆ ಶುರುವಾಗಿ ಎರಡನೇ ಸುತ್ತು, ಟಾಂಬುರೆಲ್ಲೊ ತಿರುವು. ಅಲ್ಲಿ ರಸ್ತೆಯಲ್ಲಿ ಉಬ್ಬುಗಳಿದ್ದವು. ಕಾರು ತಿರುವು ಬಿಟ್ಟು ಗೋಡೆಗೆ ಹೋಯಿತು.

ಕಾರಣ ಏನು ಅನ್ನೋದಕ್ಕೆ ಎರಡು ವಾದಗಳಿವೆ. ಸೆನ್ನಾ ಅವರ ಅನುಕೂಲಕ್ಕೆಂದು ಸ್ಟೀರಿಂಗ್ ಕಾಲಮ್ಮನ್ನ ಕತ್ತರಿಸಿ ಸಣ್ಣ ವ್ಯಾಸದ ತುಂಡು ಸೇರಿಸಿ ಬೆಸುಗೆ ಹಾಕಿದ್ದರು. ಅಪಘಾತದ ನಂತರ ಅದು ಮುರಿದಿತ್ತು. ಅದೇ ಮೊದಲು ಮುರಿದು ಅಪಘಾತ ಆಯಿತು ಅನ್ನೋದು ಒಂದು ವಾದ. ಇಟಲಿಯ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಕೇಸು ನಡೆದದ್ದು ಇದರ ಮೇಲೆ. ನ್ಯೂಯಿ ಖುಲಾಸೆಯಾದರು. ತಂಡದ ತಾಂತ್ರಿಕ ಮುಖ್ಯಸ್ಥ ಪ್ಯಾಟ್ರಿಕ್ ಹೆಡ್ ಹೊಣೆಗಾರರು ಅಂತ 2007ರಲ್ಲಿ ಉನ್ನತ ನ್ಯಾಯಾಲಯ ಹೇಳಿದರೂ ಕಾಲಮಿತಿ ಮುಗಿದಿದ್ದರಿಂದ ಶಿಕ್ಷೆ ಇರಲಿಲ್ಲ. ಇನ್ನೊಂದು ವಾದ, ತಳ ನೆಲಕ್ಕೆ ಬಡಿದು ಗಾಳಿಯ ಹಿಡಿತ ತಪ್ಪಿತು ಅನ್ನೋದು. ನ್ಯೂಯಿ ಒಲವು ಇದರ ಕಡೆಗೆ. ಕಾರಿನ ಹಿಂಭಾಗ ಮೊದಲು ಜಾರಿತು, ಸೆನ್ನಾ ಆಕ್ಸಿಲರೇಟರನ್ನ ಅರ್ಧಕ್ಕೆ ಇಳಿಸಿ ಸರಿಪಡಿಸಲು ನೋಡಿ, ಅರ್ಧ ಸೆಕೆಂಡಿನ ನಂತರ ಬ್ರೇಕ್ ಹಾಕಿದರು ಅಂತ ದಾಖಲೆ ಹೇಳುತ್ತೆ, ಸ್ಟೀರಿಂಗ್ ಮುರಿದಿದ್ದರೆ ಹೀಗಾಗಲ್ಲ ಅನ್ನೋದು ಅವರ ತರ್ಕ.

ಇಲ್ಲಿಯವರೆಗೆ ಓದಿದರೆ, ಆರೋಪಿಯಾಗಿದ್ದವರು ತಮ್ಮ ಪರವಾಗಿ ವಾದ ಮಾಡ್ತಿದ್ದಾರೆ ಅಂತ ಅನ್ನಿಸೋದು ಸಹಜ. ನನಗೂ ಅನ್ನಿಸಿತು. ಆದರೆ ಅವರು ಅಲ್ಲಿಗೆ ನಿಲ್ಲಿಸಲ್ಲ. ಮೊದಲು, ಆ ಸ್ಟೀರಿಂಗ್ ಕಾಲಮ್ ಅಪಘಾತಕ್ಕೆ ಕಾರಣವಾಗಿರಲಿ ಬಿಡಲಿ, ಅದು ಕೆಟ್ಟ ವಿನ್ಯಾಸ, ಕಾರಿಗೆ ಹೋಗಲೇಬಾರದಿತ್ತು ಅಂತ ಒಪ್ಪಿಕೊಳ್ಳುತ್ತಾರೆ. ಆಮೇಲೆ, ತನ್ನನ್ನ ಎಲ್ಲಕ್ಕಿಂತ ಹೆಚ್ಚು ಕಾಡುವ ತಪ್ಪು ಅದಲ್ಲ, ಕಾರಿನ ಗಾಳಿಯ ವಿನ್ಯಾಸವನ್ನ ತಾನು ಕೆಡಿಸಿದ್ದು ಅನ್ನುತ್ತಾರೆ. ಓಡಿಸಲಾಗದ ಕಾರನ್ನ ಕೊಟ್ಟೆ, ಆ ಮನುಷ್ಯ ತನ್ನ ಪ್ರತಿಭೆಯಿಂದ ಅದನ್ನ ಓಡಿಸಿದರು ಅನ್ನೋ ಅರ್ಥದ ಮಾತು.

ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಕೂತಿದ್ದೆ. ಯೋಚಿಸಿ. ನ್ಯಾಯಾಲಯಕ್ಕೆ ಒಂದು ಮುರಿದ ಕಬ್ಬಿಣದ ತುಂಡು ಬೇಕಿತ್ತು, ಸಿಕ್ಕಿತು. ಅದನ್ನ ಮೇಜಿನ ಮೇಲಿಡಬಹುದು, ತೂಗಬಹುದು, ತಜ್ಞರ ಹತ್ತಿರ ಕಳಿಸಬಹುದು. ಗಾಳಿಯನ್ನ ಕಟಕಟೆಗೆ ತರೋದು ಹೇಗೆ? ಕೆಲಸ ಮಾಡಿದಾಗಲೂ ಕಾಣಲ್ಲ, ಕೈಕೊಟ್ಟಾಗಲೂ ಗುರುತು ಬಿಡಲ್ಲ. ಕ್ಯಾಮೆರಾಕ್ಕೆ ಸಿಗದ್ದು ಕೋರ್ಟಿಗೂ ಸಿಗಲಿಲ್ಲ. ಅದನ್ನ ಕಂಡಿದ್ದವರು, ಪೆನ್ಸಿಲಿನಲ್ಲಿ ಅದರ ದಾರಿ ಬರೆದವರು. ಅವರೇ ಎದ್ದು ನಿಂತು, ಯಾರೂ ಹೊರಿಸದ ಆರೋಪವನ್ನ ತಮ್ಮ ಮೇಲೆ ಹೊರಿಸಿಕೊಂಡಿದ್ದಾರೆ. ಈ ಪುಸ್ತಕ ಉಳಿಯೋದಾದರೆ ಗೆದ್ದ ಕಪ್ಪುಗಳ ಲೆಕ್ಕದಿಂದ ಅಲ್ಲ, ಈ ಕೆಲವು ಪುಟಗಳಿಂದ.

ಹಾಗಾದರೆ ಪುಸ್ತಕದಲ್ಲಿ ಕೊರತೆ ಇಲ್ಲವಾ? ಇದೆ. ಜಗತ್ತಿನ ಶ್ರೇಷ್ಠ ವಿನ್ಯಾಸಕನ ಆತ್ಮಕಥೆ ಅಂತ ಮುಖಪುಟದಲ್ಲೇ ಸಾರಿಕೊಂಡಿರೋದು ಮೊದಲ ಕಿರಿಕಿರಿ. ಮನೆ ಸಂಸಾರದ ಪುಟಗಳು ಅವಸರದವು. ಆದರೆ ದೊಡ್ಡ ಕೊರತೆ ಆ ರಚನೆಯದ್ದೇ, ನಾನು ಮೇಲೆ ಹೊಗಳಿದ್ದರದ್ದು. ಕಾರಿಗೊಂದು ಭಾಗ ಅಂತ ಮಾಡಿದ್ದರಿಂದ, ಒಂದು ಕಾರು ಮುಗಿದರೆ ಅದರ ಕಥೆ ಮುಗಿಯಿತು, ಮುಂದಿನದಕ್ಕೆ ನಡಿ. 1990ರ ಮೆಕ್ಸಿಕೋ ಒಂದು ಭಾಗದಲ್ಲಿ ನಗೆಪ್ರಸಂಗ, 1994ರ ಇಮೋಲಾ ಇನ್ನೊಂದು ಭಾಗದಲ್ಲಿ ದುರಂತ. ನಿಜಕ್ಕೂ ಅವೆರಡೂ ಒಂದೇ ಕಥೆ. ನೆಲದಿಂದ ಇಂತಿಷ್ಟೇ ಎತ್ತರದಲ್ಲಿದ್ದರೆ ಮಾತ್ರ ಸಿಗುವ, ಸ್ವಲ್ಪ ಆಚೀಚೆಯಾದರೆ ತಪ್ಪುವ ಹಿಡಿತದ ಆಸೆಯ ಕಥೆ. ಮೊದಲ ಸಲ ಅದಕ್ಕೆ ಕೊಟ್ಟ ಬೆಲೆ ಒಂದು ರೇಸು, ಒಂದು ಕೆಲಸ. ಎರಡನೇ ಸಲ ಕೊಟ್ಟದ್ದು ಏನು ಅಂತ ಎಲ್ಲರಿಗೂ ಗೊತ್ತು. ಒಂದು ಪಾಠ ನಾಲ್ಕು ವರ್ಷದಲ್ಲಿ ಯಾಕೆ ಮರೆತುಹೋಯಿತು? ನಡುವೆ ಬಂದ ಆಕ್ಟಿವ್ ಸಸ್ಪೆನ್ಷನ್ ಅದನ್ನ ಮರೆಯುವ ಅನುಕೂಲ ಮಾಡಿಕೊಟ್ಟಿತಾ? ಈ ಪ್ರಶ್ನೆಯನ್ನ ಕೇಳಬಲ್ಲವರು, ಉತ್ತರಿಸಬಲ್ಲವರು ನ್ಯೂಯಿ ಒಬ್ಬರೇ. ಎರಡನ್ನೂ ಜೋಡಿಸಿ ನೋಡುವ ಕೆಲಸವನ್ನ ಪುಸ್ತಕದ ಕಟ್ಟು ಓದುಗನಿಗೆ ಬಿಟ್ಟಿದೆ. ಮುಂದೆ ರೆಡ್ ಬುಲ್ ಕಾಲ ಬರುತ್ತೆ, ಎಂಜಿನಿನ ಹೊಗೆಯನ್ನೇ ಕಾರಿನ ತಳಕ್ಕೆ ಊದಿ ಇನ್ನಷ್ಟು ಒತ್ತು ಪಡೆದ ಜಾಣತನಗಳು ಬರುತ್ತವೆ, 2010ರಿಂದ 13ರವರೆಗೆ ಸೆಬಾಸ್ಟಿಯನ್ ವೆಟಲ್ ನಾಲ್ಕು ಸಲ ಗೆಲ್ಲುತ್ತಾರೆ. ಓದೋದಕ್ಕೆ ಮಜಾ ಇದೆ. ಆದರೆ ಇಮೋಲಾದ ಪುಟಗಳನ್ನ ಓದಿದವನಿಗೆ, ಇನ್ನಷ್ಟು ಒತ್ತು ಅಂದಾಗಲೆಲ್ಲ ಆಮೇಲೆ ಅಂತ ಕೇಳಬೇಕು ಅನ್ನಿಸುತ್ತೆ. ಪುಸ್ತಕ ಹಾಗೆ ಕೇಳೋದನ್ನ ಅಲ್ಲಿಗೇ ನಿಲ್ಲಿಸಿದೆ ಅನ್ನೋದು ನನ್ನ ದೂರು.

ಕ್ರೀಡೆ ಮಾತ್ರ ಆವತ್ತು ಒಂದು ಒರಟು ಉತ್ತರ ಕೊಟ್ಟಿತು. 1994ರ ಜರ್ಮನಿ ರೇಸಿನಿಂದ ಪ್ರತಿ ಕಾರಿನ ಹೊಟ್ಟೆಗೂ 10 ಮಿಲಿಮೀಟರ್ ದಪ್ಪದ ಹಲಗೆ ಬಿಗಿಯಬೇಕು, ರೇಸು ಮುಗಿದಾಗ ಅದು 1 ಮಿಲಿಮೀಟರಿಗಿಂತ ಹೆಚ್ಚು ಸವೆದಿರಬಾರದು ಅಂತ ನಿಯಮ ಬಂತು. ಕೋಟಿಗಟ್ಟಲೆ ಬೆಲೆಯ ಕಾರಿಗೆ ಒಂದು ಹಲಗೆ! ನೆಲಕ್ಕೆ ತೀರಾ ಹತ್ತಿರ ಹೋಗಬೇಡ ಅಂತ ಹೇಳೋದಕ್ಕೆ. ಆ ಹಲಗೆ ಈಗಲೂ ಇದೆ. ಆದರೆ 2022ರಲ್ಲಿ ನಿಯಮ ಬದಲಿಸಿ, ಹಿಂದೆ ಬರುವ ಕಾರಿಗೂ ಒಳ್ಳೆ ಗಾಳಿ ಸಿಗಲಿ ಅಂತ, ತಳದ ಸುರಂಗಗಳನ್ನ ಮತ್ತೆ ತಂದರು. ತಂದ ವರ್ಷವೇ ಹಳೇ ಕಾಟವೂ ಬಂತು. ಗಾಳಿ ಕಾರನ್ನ ನೆಲಕ್ಕೆ ಎಳೆಯೋದು, ಸಂದಿ ಮುಚ್ಚಿ ಬಿಟ್ಟುಬಿಡೋದು, ಕಾರು ಮೇಲೇಳೋದು, ಮತ್ತೆ ಎಳೆಯೋದು. ಬಾಕು ರೇಸು ಮುಗಿಸಿ ಲೂಯಿಸ್ ಹ್ಯಾಮಿಲ್ಟನ್ ಸೊಂಟ ಹಿಡಿದುಕೊಂಡು ಕಾರಿನಿಂದ ಇಳಿದದ್ದನ್ನ ನೀವೂ ನೋಡಿರಬಹುದು. ನ್ಯೂಯಿ ಪುಸ್ತಕ ಇದಕ್ಕಿಂತ ಮುಂಚಿನದ್ದು, ಆದರೆ ಇದನ್ನ ಅರ್ಥ ಮಾಡಿಕೊಳ್ಳೋಕೆ ಅದಕ್ಕಿಂತ ಒಳ್ಳೆ ಪುಸ್ತಕ ಇಲ್ಲ.

ನನ್ನ ಪ್ರತಿಯನ್ನ ಆ ಹುಡುಗನಿಗೆ ಕೊಟ್ಟಿದ್ದೀನಿ. ಮೊದಲಿನಿಂದ ಓದಬೇಡ, ಲೇಟನ್ ಹೌಸ್ ಭಾಗ ಓದು, ನಡುವಿನ ಗೆಲುವುಗಳನ್ನ ಹಾರಿಸಿ ಎಫ್‌ಡಬ್ಲ್ಯೂ16ಕ್ಕೆ ಹೋಗು, ಆಮೇಲೆ ಸಿನಿಮಾನ ಐದನೇ ಸಲ ನೋಡು ಅಂದಿದ್ದೀನಿ. ನೋಡುವಾಗ ರಾಟ್ಸೆನ್‌ಬರ್ಗರ್ ಹತ್ತಿರ ಒಂದು ನಿಮಿಷ ನಿಲ್ಲಿಸು ಅಂತಲೂ ಹೇಳಿದೆ. "ಆಯ್ತು ಅಂಕಲ್" ಅಂದಿದ್ದಾನೆ. ರೆಕ್ಕೆ ಇನ್ನೂ ಹಾಗೇ ಇದೆ. ಮೊನ್ನೆ ಅದರ ಮೇಲೆ ಒಂದು ಟವೆಲ್ ಒಣಗುತ್ತಿತ್ತು.